ಕಿಟಕಿ ಸ್ವಚ್ಛತೆ: ಯಾವ ದರ ಸರಿ?

ಪ್ರಶ್ನೆ: ಬೆಂಗಳೂರಿನ ಅಪಾರ್ಟ್‌ಮೆಂಟ್‌ನ 4ನೇ ಮಹಡಿಯಲ್ಲಿದ್ದೇವೆ. ಕಿಟಕಿ ಸ್ವಚ್ಛಗೊಳಿಸಲು ಒಬ್ಬರು ಹೇಳಿದ ದರ ಇನ್ನೊಬ್ಬರ ದರದ ಎರಡು ಪಟ್ಟಿದೆ. ಯಾರಿಗೆ ಕೊಡಲಿ?

ಉತ್ತರ: ಒಬ್ಬರು ಕಿಟಕಿಗೆ ಇಷ್ಟೆಂದೂ ಇನ್ನೊಬ್ಬರು ಚದರಡಿ ಲೆಕ್ಕದಲ್ಲೂ ಹೇಳಿರಬಹುದು. ಹೊರಬದಿ, ಸೊಳ್ಳೆ ಜಾಲರಿ, ಗ್ರಿಲ್, ಜಿಎಸ್‌ಟಿ ಸೇರಿವೆಯೇ ಎಂದು ಇಬ್ಬರಿಂದಲೂ ಬರೆಸಿಕೊಳ್ಳಿ. ಆಮೇಲೆ ಹೋಲಿಸಿ.

ದರ ಏರಿಸುವುದು ಹೆಚ್ಚಾಗಿ ಬೋರ್‌ವೆಲ್ ನೀರಿನ ಬಿಳಿ ಕಲೆ. ಸೋಪಿಗೆ ಅದು ಜಗ್ಗದು. ನೀವೇ ಪರೀಕ್ಷಿಸಿ: ಬಿಳಿ ವಿನಿಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ, ಗಾಜಿನ ಒಂದು ಮೂಲೆಗೆ 10 ನಿಮಿಷ ಒತ್ತಿಡಿ. ಮಾರ್ಬಲ್ ದಂಡೆಗೆ ತಾಗದಂತೆ ನೋಡಿಕೊಳ್ಳಿ. ಕಲೆ ಕರಗಿದರೆ ಹೆಚ್ಚಿನ ದರ ಕೊಡಬೇಕಿಲ್ಲ. ಕರಗದೆ ಗಾಜೇ ಒರಟಾಗಿದ್ದರೆ ಪಾಲಿಶ್ ಮಾಡುವವರು ಬೇಕು. ಗಾಜು ಬದಲಿಸುವ ಖರ್ಚನ್ನೂ ಆಗಲೇ ವಿಚಾರಿಸಿ. ಟಾಯ್ಲೆಟ್ ಆ್ಯಸಿಡ್ ತರುವವರನ್ನು ಮಾತ್ರ ವಾಪಸ್ ಕಳಿಸಿ, ಅಲ್ಯೂಮಿನಿಯಂ ಚೌಕಟ್ಟು ಹಾಳಾಗುತ್ತದೆ.

ಹೊರಬದಿ ಕೈಗೆಟುಕದಿದ್ದರೆ ನೀವಾಗಲಿ, ಮನೆಕೆಲಸದವರಾಗಲಿ ಸಜ್ಜಾ ಮೇಲೆ ಇಳಿಯಲೇಬಾರದು. ಹಗ್ಗ, ಸೇಫ್ಟಿ ಬೆಲ್ಟ್, ಕೆಲಸಗಾರರಿಗೆ ವಿಮೆ ಇರುವ ತಂಡವನ್ನೇ ಕರೆಸಿ. ನಿವಾಸಿಗಳ ಸಂಘದ ಅನುಮತಿ ಹೇಗೂ ಬೇಕು. ಇಡೀ ಬ್ಲಾಕ್‌ಗೆ ಒಟ್ಟಿಗೆ ಮಾಡಿಸಲು ಕೇಳಿ, ಹಗ್ಗ ಕಟ್ಟುವ ಖರ್ಚು ಎಲ್ಲರಿಗೂ ಹಂಚಿಹೋಗುತ್ತದೆ.