ಹಿತ್ತಲ ಕಾಯಿಪಲ್ಯ ಬೇಸಿಗೆ ದಾಟುವ ಬಗೆ

ಪ್ರಶ್ನೆ: ನಮ್ದು ವಾಡಿ. ಮನಿ ಹಿಂದ ಎರಡು ಗುಂಟೆ ಹಿತ್ತಲ ಅದ. ಮಳಿಗಾಲದಾಗ ಪುಂಡಿಪಲ್ಯ, ಚೌಳಿಕಾಯಿ, ಥಂಡಿ ದಿನದಾಗ ಮೆಂತಿ, ಟಮಾಟಿ ತಿಂದು, ಮಂದಿಗಿ ಕೊಟ್ಟು ಮತ್ತ ಉಳಿತಾವ. ಏಪ್ರಿಲ್ ಬಂತಂದ್ರ ಒಂದು ಎಲಿ ಸೈತ ಇರಂಗಿಲ್ಲ. ಹೊರದೇಶದೋರು ಕಾಯಿಪಲ್ಯ ಕುದಿಸಿ ಬಾಟಲಿಯಾಗ ತುಂಬಿ ವರ್ಷಗಟ್ಟಲೆ ಇಡೋದು ವಿಡಿಯೋದಾಗ ನೋಡೀನಿ. ನಾವೂ ಹಂಗ ಮಾಡಬಹುದೇನು? ಇಲ್ಲಾಂದ್ರ ಬ್ಯಾರೆ ದಾರಿ ಏನದ?

ಉತ್ತರ: ಬಾಟಲಿಯ ಮಾತನ್ನು ಮೊದಲು ಮುಗಿಸೋಣ. ಬೆಂಡಿ, ಚೌಳಿ, ಮೆಂತಿ, ಅವರೆಕಾಳು ಇಂಥವನ್ನು ಬರೀ ಕುದಿಸಿ, ಬಾಟಲಿಗೆ ತುಂಬಿ, ಬಿಗಿಯಾಗಿ ಮುಚ್ಚಿ ಹೊರಗಿಡಬೇಡಿ. ಮಣ್ಣಿನಲ್ಲಿ ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಸೂಕ್ಷ್ಮಾಣು ಇರುತ್ತದೆ. ಅದರ ಬೀಜಾಣುಗಳು 100 ಡಿಗ್ರಿಯ ಕುದಿನೀರಿಗೂ ಸಾಯುವುದಿಲ್ಲ. ಗಾಳಿಯಾಡದ, ಹುಳಿಯಿಲ್ಲದ, ತೇವವಿರುವ ಜಾಗ ಸಿಕ್ಕರೆ ಮೊಳೆತು ವಿಷ ಉಂಟುಮಾಡುತ್ತವೆ. ಮುಚ್ಚಿದ ಬಾಟಲಿ ಅದಕ್ಕೆ ಹೇಳಿ ಮಾಡಿಸಿದ ಮನೆ. ಆ ವಿಷ ನರಗಳನ್ನು ಹಿಡಿದು ಉಸಿರಾಟವನ್ನೇ ನಿಲ್ಲಿಸಬಲ್ಲದು, ಕೆಲವೊಮ್ಮೆ ವಾಸನೆಯಲ್ಲಾಗಲಿ ರುಚಿಯಲ್ಲಾಗಲಿ ಗೊತ್ತೇ ಆಗುವುದಿಲ್ಲ. ಹೊರದೇಶದವರು ಅದಕ್ಕೆಂದೇ ಮಾಡಿದ, ಒತ್ತಡ ಅಳೆಯುವ ಮಾಪಕವಿರುವ ದೊಡ್ಡ ಪಾತ್ರೆ ಬಳಸುತ್ತಾರೆ. ಯಾವ ತರಕಾರಿಗೆ ಎಷ್ಟು ಹೊತ್ತು ಎಂಬುದನ್ನು ಪರೀಕ್ಷೆ ಮಾಡಿ ಗೊತ್ತುಪಡಿಸಿದ ಲೆಕ್ಕ ಅವರ ಕೈಯಲ್ಲಿರುತ್ತದೆ. ಸೀಟಿ ಎಣಿಸುವ ನಮ್ಮ ಕುಕ್ಕರಿನಲ್ಲಿ ಆ ಲೆಕ್ಕ ಹಿಡಿಯಲಾಗದು.

ನಿಮ್ಮೂರಿಗೆ ಆ ದಾರಿ ಬೇಕಾಗಿಯೂ ಇಲ್ಲ. ಬಾಟಲಿ ತುಂಬುವ ಪದ್ಧತಿ ಬೆಳೆದದ್ದು ಬಿಸಿಲು ಕಡಿಮೆ ಇರುವ ತಂಪು ನಾಡುಗಳಲ್ಲಿ. ವಾಡಿ, ಶಹಾಬಾದ್, ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆ ಮೇ ತಿಂಗಳಲ್ಲಿ ಪಾದರಸ 42 ಡಿಗ್ರಿ ದಾಟುವುದು ಹೊಸದಲ್ಲ. ನಿಮ್ಮ ಹಿತ್ತಲವನ್ನು ಒಣಗಿಸುವ ಅದೇ ಬಿಸಿಲು, ಅದೇ ಒಣ ಗಾಳಿ ನಿಮ್ಮ ಕಾಯಿಪಲ್ಯವನ್ನು ಉಳಿಸಿಯೂ ಕೊಡುತ್ತದೆ. ನೀರಿನಂಶ ಹೋದರೆ ಸೂಕ್ಷ್ಮಾಣು ಬೆಳೆಯಲಾರದು. ಹುಳಿ ಮತ್ತು ಉಪ್ಪು ಸಾಕಷ್ಟಿದ್ದರೂ ಬೆಳೆಯಲಾರದು. ನಮ್ಮ ಅಜ್ಜಿಯರ ಬಾಳಕ, ಸಂಡಿಗಿ, ತೊಕ್ಕು, ಉಪ್ಪಿನಕಾಯಿ ಎಲ್ಲವೂ ಈ ಎರಡರ ಮೇಲೆಯೇ ನಿಂತಿವೆ.

ಆದರೆ ನಿಮ್ಮ ಪತ್ರದಲ್ಲೇ ಒಂದು ನಿಜವಾದ ತೊಡಕು ಇದೆ. ಪುಂಡಿಪಲ್ಯ ಹೇರಳವಾಗಿ ಬರುವುದು ಶ್ರಾವಣ, ಭಾದ್ರಪದದಲ್ಲಿ. ಆಗ ಮೋಡ, ಜಿಟಿಜಿಟಿ ಮಳೆ. ಅಂಥ ದಿನ ಹರವಿದ ಎಲೆ ಒಣಗುವ ಮೊದಲು ಬೂಸಲು ಹಿಡಿಯುತ್ತದೆ. ಬಹಳ ಮಂದಿ ಕೈಬಿಡುವುದು ಇಲ್ಲಿಯೇ. ಇದಕ್ಕೆ ಪರಿಹಾರ ಅಡುಗೆಮನೆಯಲ್ಲಿಲ್ಲ, ಬಿತ್ತುವ ದಿನದಲ್ಲಿದೆ. ಯಾವುದನ್ನು ಯಾವ ಬಿಸಿಲಿಗೆ ಒಣಗಿಸುತ್ತೇನೆ ಎಂದು ಮೊದಲು ನಿರ್ಧರಿಸಿ, ಅಲ್ಲಿಂದ ಹಿಂದಕ್ಕೆ ಎಣಿಸಿ ಬೀಜ ಹಾಕಿ.

ಮಿರಗದ ಮಳೆಗೆ ಹಾಕಿದ ಪುಂಡಿ ತಿನ್ನಲು ಇರಲಿ. ಒಣಗಿಸಲಿಕ್ಕೆಂದೇ ಆಗಸ್ಟ್ ಕೊನೆಯ ಹೊತ್ತಿಗೆ ಇನ್ನೊಂದು ಮಡಿ ಹಾಕಿ. ಹಗಲು ಕಿರಿದಾಗುತ್ತಿದ್ದಂತೆ ಪುಂಡಿ ಹೂವಿಗೆ ಬರುತ್ತದೆ, ಹೂ ಬಂದ ಮೇಲೆ ಎಲೆ ಒರಟಾಗುತ್ತದೆ. ಆದ್ದರಿಂದ ಇನ್ನೂ ತಡ ಮಾಡಬೇಡಿ. ಅಕ್ಟೋಬರ್ ಮೊದಲ ಭಾಗದಲ್ಲಿ ಮಳೆ ಹಿಂದೆ ಸರಿದು ಬಿಸಿಲು ತೆರೆದುಕೊಂಡಾಗ ಎಳೆಯ ಎಲೆ ನಿಮ್ಮ ಕೈಗೆ ಸಿಗಬೇಕು. ತೊಳೆದು, ನೀರು ಪೂರ್ತಿ ಬಸಿದು, ಎಲೆ ಬಿಡಿಸಿ, ತೆಳುವಾಗಿ ಹರವಿ. ಎಲೆಪಲ್ಯ ಯಾವುದೇ ಇರಲಿ, ನೆತ್ತಿಯ ಬಿಸಿಲಿಗಿಂತ ಗಾಳಿಯಾಡುವ ನೆರಳು ಮೇಲು. ನೇರ ಬಿಸಿಲು ಬಣ್ಣವನ್ನೂ ವಿಟಮಿನ್ ಎ ಕೊಡುವ ಕೆರೋಟಿನ್ ಅಂಶವನ್ನೂ ಸುಡುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಎಲೆ ಗರಗರ ಪುಡಿಯಾಗಬೇಕು. ದೇಟು ಬಾಗಿ ಮುರಿಯದೆ ಉಳಿದರೆ ಇನ್ನೊಂದು ದಿನ ಬೇಕು.

ಒಣಪಲ್ಯದಲ್ಲಿ ನನಗೆ ಎಲ್ಲಕ್ಕಿಂತ ಮಿಗಿಲಾದದ್ದು ಕಡ್ಲಿಪಲ್ಯ. ಎರೆಹೊಲದಲ್ಲಿ ಅಕ್ಟೋಬರಿನಲ್ಲಿ ಬಿತ್ತಿದ ಕಡಲೆ ಗೇಣುದ್ದ ಆದಾಗ ಕುಡಿ ಚಿವುಟುತ್ತಾರೆ. ಕುಡಿ ಚಿವುಟಿದಷ್ಟೂ ಗಿಡ ಕವಲೊಡೆಯುತ್ತದೆ. ಗಿಡದ ಸಣ್ಣ ರೋಮಗಳು ಮ್ಯಾಲಿಕ್, ಆಕ್ಸಾಲಿಕ್ ಆಮ್ಲಗಳನ್ನು ಒಸರುತ್ತವೆ. ಬೆಳಗಿನ ಇಬ್ಬನಿಯಲ್ಲಿ ಹೊಲ ಹೊಕ್ಕರೆ ಕೈಬೆರಳಿಗೆ ಅಂಟುವ ಹುಳಿ ಅದೇ. ತೊಳೆದರೆ ಆ ಹುಳಿ ಹೋಗುತ್ತದೆಂದು ಈ ಪಲ್ಯವನ್ನು ತೊಳೆಯದೇ ಒಣಗಿಸುವುದು ರೂಢಿ. ಹಾಗಾಗಿ ನಿಮ್ಮದೇ ಮಡಿಯದ್ದನ್ನು, ಔಷಧ ಹೊಡೆಯದ್ದನ್ನು ಮಾತ್ರ ಚಿವುಟಿ. ಕಾಯಿಕೊರಕ ಹುಳಕ್ಕೆ ಸಿಂಪಡಿಸಿದ ಹೊಲದ ಕುಡಿ ಬೇಡವೇ ಬೇಡ. ಹಿತ್ತಲದ ಅರ್ಧ ಗುಂಟೆಯಲ್ಲಿ ಕಡಲೆ ಹಾಕಿದರೂ ನಿಮ್ಮ ಮನೆಗೆ ಬೇಸಿಗೆಯುದ್ದಕ್ಕೂ ಆಗುವಷ್ಟು ಒಣಪಲ್ಯ ಸಿಗುತ್ತದೆ. ಮೇ ತಿಂಗಳ ಮಧ್ಯಾಹ್ನ ಒಂದು ಮುಷ್ಟಿ ಪುಡಿಪಲ್ಯವನ್ನು ಜೋಳದ ನುಚ್ಚು ಹಾಕಿ ಕುದಿಸಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು ಬಿಸಿರೊಟ್ಟಿಯ ಮೇಲೆ ಹಾಕಿಕೊಂಡರೆ ಹಸಿ ಪಲ್ಯ ನೆನಪಿಗೆ ಬರುವುದಿಲ್ಲ.

ಚೌಳಿಕಾಯಿಯನ್ನು ಮಳೆಗಾಲಕ್ಕೆ ಮಾತ್ರ ಮೀಸಲಿಡಬೇಡಿ. ಬಿಸಿಲು ತಾಳುವ ಬೆಳೆ ಅದು. ಫೆಬ್ರುವರಿಯಲ್ಲಿ ಬಿತ್ತಿ ನೀರು ಕೊಟ್ಟರೆ ಏಪ್ರಿಲಿನಲ್ಲಿ ಕಾಯಿ ಬರುತ್ತದೆ, ಒಣಗಿಸಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಎಳೆಯ ಕಾಯಿಗಳನ್ನು ಕುದಿನೀರಿನಲ್ಲಿ ಎರಡು ನಿಮಿಷ ಅದ್ದಿ ತೆಗೆದು, ಉಪ್ಪು ಹಾಕಿದ ಹುಳಿ ಮಜ್ಜಿಗೆಯಲ್ಲಿ ರಾತ್ರಿಯೆಲ್ಲ ನೆನೆಸಿ, ಹಗಲು ಒಣಗಿಸಿ. ಮಜ್ಜಿಗೆ ಹೀರಿ ಮುಗಿಯುವವರೆಗೆ ಹೀಗೇ ನಡೆಯಲಿ. ದಪ್ಪ ಮೆಣಸಿನಕಾಯಿಯ ಬಾಳಕಕ್ಕೂ ಇದೇ ಕ್ರಮ. ಒಳಗೆ ಮೆಂತೆ, ಜೀರಿಗೆ, ಉಪ್ಪು ತುಂಬುವುದೊಂದೇ ಹೆಚ್ಚು. ಥಂಡಿ ದಿನದ ಮೆಂತಿಗೆ ಯಾವ ಕಷ್ಟವೂ ಇಲ್ಲ, ಜನವರಿಯ ಒಣಗಾಳಿಗೆ ನೆರಳಲ್ಲೇ ಒಣಗುತ್ತದೆ. ಟಮಾಟಿಗೆ ಮಾತ್ರ ಎಚ್ಚರ ಬೇಕು. ಅದರ ಹುಳಿ ಗಡಿಯಲ್ಲಿರುತ್ತದೆ. ತೊಕ್ಕು ಮಾಡಿದರೆ ಹುಣಸೆಹಣ್ಣು ಸೇರಿಸಿ, ನೀರು ಆರಿ ಎಣ್ಣೆ ಮೇಲೆ ಬರುವ ತನಕ ಹುರಿಯಿರಿ.

ಹುಣಸೆಯ ಮಾತು ಬಂದಾಗ ಹಸಿ ಹುಣಚಿಕಾಯಿ ತೊಕ್ಕನ್ನು ಬಿಡಲಾಗದು. ಒಳಗಿನ ಬೀಜ ಗಟ್ಟಿಯಾಗುವ ಮೊದಲು ಕಾಯಿ ಕಿತ್ತು, ತೊಳೆದು, ಒರೆಸಿ, ಉಪ್ಪು ಅರಿಶಿನ ಹಾಕಿ ಕುಟ್ಟಿ ಭರಣಿಗೆ ತುಂಬಿ. ಕೆಲ ದಿನ ಬಿಟ್ಟು ಹೊರತೆಗೆದು, ನಾರು ಬೀಜ ಆರಿಸಿ, ಮತ್ತೆ ಕುಟ್ಟಿ, ಹುರಿದ ಮೆಂತೆಪುಡಿ, ಇಂಗು ಕಲಸಿ ಇಡಿ. ಆಹಾರವಿಜ್ಞಾನದಲ್ಲಿ ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಬೊಟುಲಿನಂ ಬೆಳೆಯದು ಎಂಬ ಗಡಿ ಇದೆ. ಹುಣಸೆ ಅದಕ್ಕಿಂತ ಬಹಳ ಕೆಳಗೆ, 3ರ ಆಸುಪಾಸು. ಈ ತೊಕ್ಕು ವರ್ಷ ದಾಟಿದರೂ ಕೆಡದಿರುವುದು ಅದಕ್ಕೇ. ಇದನ್ನು ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ ಪಾತ್ರೆಗಳಲ್ಲಿ ಇಡಬೇಡಿ.

ಒಣಹಾಕುವ ಜಾಗದ ಬಗ್ಗೆ ನಿಮ್ಮ ಊರಿಗೇ ಸಂಬಂಧಿಸಿದ ಒಂದು ಮಾತು. ನಿಮ್ಮ ಕಡೆ ಮಾಳಿಗೆ, ಅಂಗಳ, ಕಟ್ಟೆ ಎಲ್ಲ ಶಹಾಬಾದ್ ಕಲ್ಲು. ಬಿಸಿಲಿಗೆ ಚೆನ್ನಾಗಿ ಕಾಯುತ್ತದೆ, ಸಂಜೆಯವರೆಗೂ ಬಿಸಿ ಹಿಡಿದಿರುತ್ತದೆ, ಸಂಡಿಗಿ ಹಪ್ಪಳಕ್ಕೆ ಬಹಳ ಅನುಕೂಲ. ಆದರೆ ಅದು ಸುಣ್ಣದಕಲ್ಲು. ಹುಳಿ ತಾಗಿದರೆ ಕಲ್ಲು ಕರಗಿ ಮೇಲ್ಮೈ ಬಿಳಿಚಿಕೊಳ್ಳುತ್ತದೆ, ಕಲ್ಲಿನ ಸುಣ್ಣ ಪದಾರ್ಥದ ಹುಳಿಯನ್ನೂ ಮುರಿಯುತ್ತದೆ. ಮಜ್ಜಿಗೆಯಲ್ಲಿ ನೆನೆದ ಬಾಳಕ, ನಿಂಬೆ, ಮಾವಿನ ಹೋಳು, ಹೆಚ್ಚಿದ ಟಮಾಟಿ ಇವನ್ನು ಕಲ್ಲಿನ ಮೇಲೆ ನೇರ ಹರವಬೇಡಿ. ದಪ್ಪ ಬಟ್ಟೆಯನ್ನೋ ಚಾಪೆಯನ್ನೋ ಹಾಸಿ, ಮೇಲೊಂದು ತೆಳು ಪಂಜೆ ಹೊದಿಸಿ. ಸಿಮೆಂಟ್ ಕಾರ್ಖಾನೆ, ಕಲ್ಲಿನ ಗಣಿ ಹತ್ತಿರವಿರುವ ಓಣಿಗಳಲ್ಲಿ ಆ ಹೊದಿಕೆ ಧೂಳಿಗೂ ಅಡ್ಡ ನಿಲ್ಲುತ್ತದೆ.

ನಿಮ್ಮ ಮಣ್ಣಿನ ಅಡಿಯಲ್ಲಿರುವುದೂ ಇದೇ ಸುಣ್ಣದಕಲ್ಲು. ಬೋರಿನ ನೀರು ಗಡುಸಾಗಿರುವುದು, ಎಳೆ ಎಲೆಗಳು ಹಳದಿಯಾಗಿ ನರ ಮಾತ್ರ ಹಸಿರು ಉಳಿಯುವುದು ಇದರಿಂದಲೇ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಸುಣ್ಣದ ದೆಸೆಯಿಂದ ಬೇರಿಗೆ ಸಿಗುವುದಿಲ್ಲ. ಅಂಥ ಮಡಿಗೆ ಒಲೆಯ ಬೂದಿ ಹಾಕಬೇಡಿ, ಅದೂ ಕ್ಷಾರವೇ. ಕೊಳೆತ ತಿಪ್ಪೆಗೊಬ್ಬರ ಧಾರಾಳವಾಗಿ ಹಾಕಿ. ಸೋಪಿನ ಪುಡಿ ಬೆರೆತ ಬಚ್ಚಲ ನೀರನ್ನು ಎಲೆಪಲ್ಯಕ್ಕೆ ಬಿಡದೆ ಬಾಳೆಗೆ, ತೆಂಗಿಗೆ ತಿರುಗಿಸಿ. ಚಿಂಚೋಳಿಯ ಕೆಮ್ಮಣ್ಣಿನ ಭಾಗದವರಿಗೆ ಈ ತೊಂದರೆ ಇಷ್ಟಿಲ್ಲ. ಸಂಶಯವಿದ್ದರೆ ಹಿಡಿ ಮಣ್ಣನ್ನು ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಿ ಕೇಳಿ.

ಒಣಗಿಸಿದ್ದು ಹಾಳಾಗುವುದು ಬೇಸಿಗೆಯಲ್ಲಲ್ಲ, ಮುಂದಿನ ಮಳೆಗಾಲದಲ್ಲಿ. ಗಾಳಿಯ ತೇವವನ್ನು ಅದು ಮತ್ತೆ ಹೀರುತ್ತದೆ. ಬಿಸಿ ಇರುವಾಗ ಡಬ್ಬಿಗೆ ತುಂಬಿದರೆ ಒಳಗೇ ಬೆವರುತ್ತದೆ, ಪೂರ್ತಿ ಆರಿದ ಮೇಲೆಯೇ ತುಂಬಿ. ಒಂದೇ ದೊಡ್ಡ ಡಬ್ಬಿಯನ್ನು ದಿನಾ ತೆರೆಯುವ ಬದಲು ಹದಿನೈದು ದಿನಕ್ಕಾಗುವಷ್ಟನ್ನು ಸಣ್ಣ ಸಣ್ಣ ಗಾಜಿನ ಶೀಶೆಗಳಲ್ಲಿ ಬೇರೆ ಬೇರೆ ಇಡಿ. ರೋಹಿಣಿ ಮಳೆ ಬೀಳುವ ಮೊದಲು ಎಲ್ಲವನ್ನೂ ಒಮ್ಮೆ ಹೊರಗೆ ಹರವಿ. ದೀಪಾವಳಿಯ ಹೊತ್ತಿಗೆ ಉಳಿದದ್ದಿದ್ದರೆ ಮತ್ತೊಮ್ಮೆ ಬಿಸಿಲು ತೋರಿಸಿ. ಬೂಸಲಿನ ಬಿಳಿ ಚುಕ್ಕೆ ಒಂದೇ ಒಂದು ಕಂಡರೂ ಆ ಶೀಶೆಯನ್ನು ಪೂರ್ತಿ ಚೆಲ್ಲಿ, ಆರಿಸಿ ಉಳಿಸಿಕೊಳ್ಳಲು ಹೋಗಬೇಡಿ.