ಮೊದಲು ಗ್ಲೌಸ್ ಹಾಕಲಿ

ಮೂಲವ್ಯಾಧಿಯಾಗಿ ರಕ್ತ ಹೋಗುತ್ತಿದೆ ಅಂದರೆ ನಮ್ಮಲ್ಲಿ ಎಲ್ಲರ ಹತ್ತಿರವೂ ಮದ್ದಿರುತ್ತದೆ. ಅತ್ತೆ ಸುವರ್ಣಗೆಡ್ಡೆ ಪಲ್ಯ ಮಾಡಿ ಬಡಿಸಿದರು. ಪಕ್ಕದ ಮನೆಯವರು ಮುಟ್ಟಿದರೆ ಮುನಿ ಸೊಪ್ಪು ಅರೆದು ಕೊಟ್ಟರು. ಮೆಡಿಕಲ್ ಶಾಪಿನ ಹುಡುಗ ನನ್ನ ಮುಖ ನೋಡದೆ ಮುಲಾಮಿನ ಟ್ಯೂಬನ್ನು ಕಾಗದದಲ್ಲಿ ಸುತ್ತಿಕೊಟ್ಟ. ಇವರಿಂದ ಕೇಡೇನೂ ಆಗಲಿಲ್ಲ. ಕೇಡು ಮಾಡಿದ್ದು ನಮ್ಮ ಭಾವ.

ನಾನು ಬಸ್ ಕಂಡಕ್ಟರ್. ದಾರಿಯಲ್ಲಿ ಹೆಂಗಸರು ಕಾಲಿಡುವಂಥ ಶೌಚಾಲಯ ಇಲ್ಲವೆಂದು ಡ್ಯೂಟಿ ಇದ್ದಾಗ ನಾವ್ಯಾರೂ ನೀರು ಕುಡಿಯುವುದಿಲ್ಲ. ಡಿಪೋದಲ್ಲಿದ್ದ ಒಂದಕ್ಕೆ ಬೀಗ, ಕೀಲಿ ಸಾಹೇಬರ ಡ್ರಾಯರಿನಲ್ಲಿ. ನಾಲ್ಕು ಜನ ಗಂಡಸರ ಎದುರು ಅದನ್ನು ಕೇಳುವುದಕ್ಕಿಂತ ತಡೆದುಕೊಳ್ಳುವುದೇ ವಾಸಿ. ಮಲ ಗಟ್ಟಿಯಾಗಿ, ತಿಣುಕಿ ತಿಣುಕಿ ಮೊದಲು ರಕ್ತ ಬಂತು. ಆಮೇಲೆ ಮೊಳೆ ಹೊರಬಂದು ಬೆರಳಿನಿಂದ ಒಳಗೆ ತಳ್ಳುವ ಸ್ಥಿತಿ.

ಭಾವ ನಮ್ಮ ಮನೆಯವರನ್ನು ಒಪ್ಪಿಸಿ, 'ಆಪರೇಷನ್ ಇಲ್ಲ, ನೋವಿಲ್ಲ, ಗ್ಯಾರಂಟಿ' ಎಂದು ಬೋರ್ಡು ಹಾಕಿಕೊಂಡವನ ಹತ್ತಿರ ಕರೆದೊಯ್ದರು. ಆತ ಪರೀಕ್ಷೆ ಮಾಡಲಿಲ್ಲ. ನಾಡಿ ಹಿಡಿದ, ದುಡ್ಡು ಎಣಿಸಿಕೊಂಡ, ಬೂದು ಬಣ್ಣದ ಪೇಸ್ಟಿನ ಡಬ್ಬಿ ಕೊಟ್ಟು ರಾತ್ರಿ ಹಚ್ಚಿಕೊಂಡು ಮಲಗಿ ಅಂದ.

ಹಚ್ಚಿಕೊಂಡು ಸ್ವಲ್ಪ ಹೊತ್ತಿಗೇ ಕೆಂಡ ಇಟ್ಟ ಹಾಗೆ ಉರಿ ಶುರುವಾಯಿತು. ಬಚ್ಚಲಿಗೆ ಓಡಿ ಚೊಂಬುಗಟ್ಟಲೆ ನೀರು ಸುರಿದುಕೊಂಡೆ. ಪೇಸ್ಟು ಅಂಟಿಕೊಂಡುಬಿಟ್ಟಿತ್ತು, ಬಿಡಲೊಲ್ಲದು. ಕೂರಲಾರೆ, ನಿಲ್ಲಲಾರೆ. ಮಕ್ಕಳು ಎದ್ದುಬಿಟ್ಟಾರೆಂದು ಟವೆಲ್ ಕಚ್ಚಿಕೊಂಡು, ನೀರಿನ ತೊಟ್ಟಿಯ ಅಂಚಿಗೆ ಮೊಣಕೈ ಊರಿ ಬಗ್ಗಿ ನಿಂತಿದ್ದೆ. ಬಾಗಿಲಾಚೆಯಿಂದ ಭಾವನ ದನಿ: "ಉರೀತಿದೆ ಅಂದ್ರೆ ಕೆಲಸ ಮಾಡ್ತಿದೆ ಅಂತ. ಸ್ವಲ್ಪ ತಡಕೋ ತಾಯಿ." ಬೆಳಗಾಗುವಷ್ಟರಲ್ಲಿ ಚರ್ಮ ಸುಲಿದುಬಂದಿತ್ತು. ಡಬ್ಬಿ ಕೊಟ್ಟವನನ್ನಾದರೂ ಮರೆತೇನು, ಆ ಮಾತನ್ನು ಮರೆಯಲಾರೆ.

ಸರ್ಕಾರಿ ಆಸ್ಪತ್ರೆಯ ಸರ್ಜನ್ ಮೇಡಂ ಮೊದಲು ಮಾಡಿದ ಕೆಲಸವೇ ಗ್ಲೌಸ್ ಹಾಕಿಕೊಂಡಿದ್ದು. ಸುಟ್ಟ ಗಾಯ ಮಾಗಿದ ಮೇಲೆ ಸಣ್ಣ ಕೊಳವೆ ಹಾಕಿ ಒಳಗೂ ನೋಡಿದರು. ಗುದದ್ವಾರದೊಳಗೆ ರಕ್ತನಾಳಗಳ ಮೆತ್ತೆ ಎಲ್ಲರಿಗೂ ಇರುತ್ತದಂತೆ. ಅದು ಉಬ್ಬಿ ಕೆಳಗೆ ಜಾರಿದರೆ ಮೂಲವ್ಯಾಧಿ. ಒಳಗಿನ ಮೊಳೆಗೆ ನೋವು ತಿಳಿಯುವುದಿಲ್ಲ, ರಕ್ತ ಸುಮ್ಮನೆ ಹೋಗುತ್ತಲೇ ಇರುತ್ತದೆ. ನನ್ನ ಹಿಮೋಗ್ಲೋಬಿನ್ 7ಕ್ಕೆ ಇಳಿದಿತ್ತು. ಹೊರಬಂದ ಮೊಳೆ ತಾನಾಗಿ ಒಳಹೋಗುವ 2ನೇ ಹಂತದಲ್ಲೇ ಯಾರಾದರೂ ನೋಡಿದ್ದರೆ ಅದರ ಬುಡಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಮುಗಿಸಬಹುದಿತ್ತು; ರಕ್ತ ನಿಂತು ಕೆಲವು ದಿನಕ್ಕೆ ಅದು ಒಣಗಿ ಉದುರುತ್ತದೆ. ನನ್ನದು 3ನೇ ಹಂತ, ಜತೆಗೆ ಹೊರಗಿನ ಮೊಳೆಯೂ ಸೇರಿಕೊಂಡಿತ್ತು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಕತ್ತರಿಸಿದರು. ಆಪರೇಷನ್ ಆದಮೇಲಿನ ಮೊದಲ ಕಕ್ಕಸು ಕಷ್ಟವೇ, ಸುಳ್ಳು ಹೇಳುವುದಿಲ್ಲ. ಆದರೆ ಪೇಸ್ಟಿನ ರಾತ್ರಿ ಕಂಡವಳಿಗೆ ಅದೇನು ಮಹಾ.

ಉಗುರುಬೆಚ್ಚಗಿನ ನೀರಿನ ಟಬ್ಬಿನಲ್ಲಿ 10–15 ನಿಮಿಷ ಕೂತರೆ ಹಾಯೆನಿಸುತ್ತದೆ. ಇಸಬ್‌ಗೋಲ್ ತಗೊಳ್ಳುವವರು ನೀರು ಚೆನ್ನಾಗಿ ಕುಡಿಯಬೇಕು, ಇಲ್ಲದಿದ್ದರೆ ಅದೇ ಕಟ್ಟಿಕೊಳ್ಳುತ್ತದೆ. ಮೊಬೈಲ್ ಹಿಡಿದು ಕಕ್ಕಸಿನಲ್ಲಿ ಕೂರಬೇಡಿ. ಮುಟ್ಟಿ ನೋಡದೆ ಮದ್ದು ಕೊಡುವವರಿಗೆ ದುಡ್ಡು ಕೊಡಬೇಡಿ. 45 ದಾಟಿದವರಿಗೆ ರಕ್ತ ಕಂಡರೆ ಮೂಲವ್ಯಾಧಿಯೇ ಎಂದು ಸುಮ್ಮನಾಗದೆ ಕೊಲೊನೋಸ್ಕೋಪಿ ಬೇಕೇ ಎಂದು ಡಾಕ್ಟರನ್ನು ಕೇಳಿ; ದೊಡ್ಡ ಕರುಳಿನ ಕ್ಯಾನ್ಸರಿನಲ್ಲೂ ಹೀಗೇ ರಕ್ತ ಹೋಗುತ್ತದೆ.

ಭಾವನಿಗೆ ಈಗ 58. ಅವರಿಗೂ ಈಚೆಗೆ ರಕ್ತ ಕಾಣಿಸುತ್ತಿದೆ ಎಂದು ಅಕ್ಕ ಹೇಳಿದರು. ನಮ್ಮ ಮೇಡಂ ಹತ್ತಿರ ತೋರಿಸೋಣ ಬನ್ನಿ ಅಂದೆ. ಅವರಿಗೆ ನಾಚಿಕೆಯಂತೆ.