ಕಡಲ ಗಾಳಿಗೆ ಅಪ್ಪಣೆ

ಗಾಳಿಯು ಯಾರ ಸೊತ್ತೂ ಅಲ್ಲವೆಂದು ನಾವೆಲ್ಲರೂ ನಂಬಿದ್ದೇವೆ. ಕಾಪುವಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವನ್ನು ಹತ್ತಿ ನಿಂತವರಿಗೆ ಈ ನಂಬಿಕೆ ಇನ್ನಷ್ಟು ದೃಢವಾಗುತ್ತದೆ. ಹಗಲಿನಲ್ಲಿ ಕಾದ ನೆಲದತ್ತ ಕಡಲಿನಿಂದ ಬೀಸುವ ಗಾಳಿ, ಇರುಳಿನಲ್ಲಿ ತಣಿದ ನೆಲದಿಂದ ಕಡಲಿಗೆ ಮರಳುವ ಗಾಳಿ, ಮಳೆಗಾಲದಲ್ಲಿ ನೈಋತ್ಯದಿಂದ ಭೋರ್ಗರೆದು ಬರುವ ಮಾರುತ, ಇವೆಲ್ಲವೂ ವ್ಯರ್ಥವಾಗಿ ಹೋಗುತ್ತಿವೆಯಲ್ಲ ಎನಿಸುವುದು ಸಹಜ. ಆದರೆ ಆ ಗಾಳಿಯಿಂದ ವಿದ್ಯುತ್ತನ್ನು ಪಡೆಯಲೆಂದು ನೀರಿನಲ್ಲಿ ಕಂಬ ನೆಡಲು ಹೊರಟೊಡನೆ, ಕಡಲು ಬರಿದಾದ ಬಯಲಲ್ಲವೆಂಬುದು ತಿಳಿಯುತ್ತದೆ.

ಡೆನ್ಮಾರ್ಕಿನವರು 1991ರಲ್ಲಿ ವಿಂಡೆಬಿ ಎಂಬಲ್ಲಿ ಹನ್ನೊಂದು ಗಾಳಿಯಂತ್ರಗಳನ್ನು ಕಡಲಿನಲ್ಲಿ ನಿಲ್ಲಿಸಿದರು. ಈ ಬಗೆಯ ವಿದ್ಯುದಾಗಾರಗಳಲ್ಲಿ ಜಗತ್ತಿಗೆ ಅದೇ ಮೊದಲನೆಯದು. ನೆಲದ ಮೇಲೆ ಗುಡ್ಡ, ಮರ, ಮನೆಗಳು ಗಾಳಿಯ ವೇಗವನ್ನು ತಗ್ಗಿಸುತ್ತವೆ. ಕಡಲಿನಲ್ಲಿ ಆ ತಡೆಯಿಲ್ಲ. ವೇಗವು ಇಮ್ಮಡಿಯಾದರೆ ಗಾಳಿಯಲ್ಲಿನ ಶಕ್ತಿ ಎಂಟು ಪಟ್ಟಾಗುತ್ತದೆ. ಹಾಗೆಯೇ ವೇಗವನ್ನು ಅಳೆಯುವಲ್ಲಿ ತುಸು ತಪ್ಪಿದರೂ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಆದ್ದರಿಂದಲೇ 2017ರಲ್ಲಿ ಗುಜರಾತಿನ ಖಂಭಾತ್ ಕೊಲ್ಲಿಯ ನೀರಿನ ನಡುವೆ ವೇದಿಕೆ ಕಟ್ಟಿ, ಬೆಳಕಿನ ಕಿರಣಗಳಿಂದ ಗಾಳಿಯನ್ನು ಅಳೆಯುವ ಲೈಡಾರ್ ಉಪಕರಣವನ್ನು ಇರಿಸಿದರು.

ಹೀಗೆ ದೊರೆತ ವಿದ್ಯುತ್ತಿನಿಂದ ನೀರನ್ನು ವಿಭಜಿಸಿದರೆ ಜಲಜನಕ ಸಿಗುತ್ತದೆ. ಕಲ್ಲಿದ್ದಲು, ತೈಲ, ಅನಿಲಗಳ ಹಂಗಿಲ್ಲದ ಈ ಜಲಜನಕಕ್ಕೆ 'ಹಸಿರು' ಎಂಬ ವಿಶೇಷಣ ಸೇರಿಕೊಂಡಿದೆ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರವು 19,744 ಕೋಟಿ ರೂಪಾಯಿಗಳ ರಾಷ್ಟ್ರೀಯ ಹಸಿರು ಜಲಜನಕ ಯೋಜನೆಗೆ ಒಪ್ಪಿಗೆ ನೀಡಿತು. ಆದರೆ ಒಂದು ಕಿಲೋಗ್ರಾಮ್ ಜಲಜನಕಕ್ಕೆ ಐವತ್ತಕ್ಕೂ ಹೆಚ್ಚು ಯೂನಿಟ್ ವಿದ್ಯುತ್ತೂ, ಕಡಮೆಯೆಂದರೆ ಒಂಬತ್ತು ಲೀಟರ್ ಶುದ್ಧ ನೀರೂ ಬೇಕು. ಬೇಸಗೆಯಲ್ಲಿ ಬಾವಿಗಳು ಬತ್ತುವ ಕರಾವಳಿಯಲ್ಲಿ ಆ ನೀರನ್ನು ಕಡಲಿನಿಂದಲೇ ಪಡೆದು ಉಪ್ಪನ್ನು ಬೇರ್ಪಡಿಸುವುದು ಲೇಸು. ಹಾಗೆ ಉಳಿದ ಅತಿ ಉಪ್ಪಿನ ನೀರನ್ನು ಎಲ್ಲಿ ಬಿಡಬೇಕೆಂಬುದು ಮುಂದಿನ ಪ್ರಶ್ನೆ.

ಇಂತಹ ಪ್ರಶ್ನೆಗಳಿಗೆ ಉತ್ತರ ಹುಡುಕುವ ವಿಧಾನಕ್ಕೇ ಅನುಮತಿಯೆಂದು ಹೆಸರು. 2015ರ ರಾಷ್ಟ್ರೀಯ ನೀತಿಯ ಪ್ರಕಾರ, ಕಡಲಿನ ಒಂದು ಭಾಗವನ್ನು ಗಾಳಿಯಂತ್ರಗಳಿಗೆ ಬಿಟ್ಟುಕೊಡುವ ಮುನ್ನ ರಕ್ಷಣೆ, ಗೃಹ, ವಿದೇಶಾಂಗ, ಪರಿಸರ, ನೌಕಾಯಾನ ಮೊದಲಾದ ಸಚಿವಾಲಯಗಳ ಒಪ್ಪಿಗೆ ಬೇಕು. ಚೆನ್ನೈಯಲ್ಲಿರುವ ರಾಷ್ಟ್ರೀಯ ಪವನಶಕ್ತಿ ಸಂಸ್ಥೆಯು ಇವನ್ನೆಲ್ಲ ಒಂದೆಡೆ ಕೂಡಿಸುವ ಹೊಣೆ ಹೊತ್ತಿದೆ. 2023ರ ನಿಯಮಗಳಂತೆ ಗುತ್ತಿಗೆಯ ಅವಧಿ 35 ವರ್ಷಗಳವರೆಗೆ ಇರಬಹುದು. ಯಂತ್ರಗಳ ಆಯುಷ್ಯ ತೀರಿದ ಮೇಲೆ ಅವನ್ನು ಕಿತ್ತು ಕಡಲನ್ನು ತೆರವುಗೊಳಿಸುವುದೂ ಕಟ್ಟಿದವರದೇ ಕೆಲಸ. ವಿಂಡೆಬಿಯ ಯಂತ್ರಗಳನ್ನು 2017ರಲ್ಲಿ ಹೀಗೆಯೇ ತೆಗೆದರು. ನಮ್ಮ ದೇಶವು ಮೊದಲ ಹಂತಕ್ಕೆ ಗುಜರಾತ್ ಮತ್ತು ತಮಿಳುನಾಡಿನ ಕಡಲುಗಳನ್ನು ಆರಿಸಿಕೊಂಡಿತು. ಉಡುಪಿಯ ಕಡಲಿಗೆ ಇದರಿಂದ ಒಂದು ಅನುಕೂಲವುಂಟು: ಕಂಬ ಬರುವ ಮೊದಲೇ ಯೋಚಿಸಲು ಸಮಯ ದೊರೆತಿದೆ.

ಸಚಿವಾಲಯಗಳ ನಕಾಶೆಯಲ್ಲಿ ಹಡಗುಗಳ ದಾರಿ ಇರುತ್ತದೆ. ಬಂಗುಡೆ, ಬೂತಾಯಿಗಳ ದಾರಿ ಇರುವುದಿಲ್ಲ. ಅದು ಮಲ್ಪೆಯ ಮೀನುಗಾರರಿಗೆ ಗೊತ್ತು. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದೋಣಿಗಳು ದಡದಲ್ಲಿ ನಿಂತಿದ್ದರೂ ನಾಡದೋಣಿಗಳ ಬದುಕು ನಿಲ್ಲುವುದಿಲ್ಲ. ತೀರದ ಮರಳಿನಲ್ಲಿ ನಿಂತು ಕೈರಂಪಣಿ ಬಲೆಯನ್ನು ಎಳೆಯುವವರಿಗೆ ಕಡಲಿನಿಂದ ದಡಕ್ಕೆ ಬರುವ ಒಂದು ವಿದ್ಯುತ್ ಕೇಬಲ್ಲೂ ಸಣ್ಣ ಸಂಗತಿಯಲ್ಲ. ಅವರ ತಿಳಿವಳಿಕೆಯನ್ನು ಕಾಗದಕ್ಕೆ ಇಳಿಸದೆ ಮಾಡಿದ ಸಮೀಕ್ಷೆಯನ್ನು ಅರ್ಧ ಸಮೀಕ್ಷೆಯೆಂದೇ ಹೇಳಬೇಕು.

ಕೇಳದೆ ಕಟ್ಟಿದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಕಾಪು ತಾಲ್ಲೂಕಿನ ನಂದಿಕೂರಿನ ಪರಿಸರದಲ್ಲಿ ಕಲ್ಲಿದ್ದಲಿನ ವಿದ್ಯುದಾಗಾರ ಕಟ್ಟಲು ಬಂದಿದ್ದ ಅಮೆರಿಕದ ಕೊಜೆಂಟ್ರಿಕ್ಸ್ ಸಂಸ್ಥೆಯು ಜನರ ವಿರೋಧ, ನ್ಯಾಯಾಲಯದ ವ್ಯಾಜ್ಯಗಳ ನಡುವೆ 1999ರಲ್ಲಿ ಹಿಂದೆ ಸರಿಯಿತು. ಆದರೆ ನೆರೆಯ ಎಲ್ಲೂರಿನಲ್ಲಿ ಬೇರೆಯವರ ಕೈಯಲ್ಲಿ 1200 ಮೆಗಾವಾಟ್ ಸಾಮರ್ಥ್ಯದ ಸ್ಥಾವರ ತಲೆಯೆತ್ತಿ, 2010ರಲ್ಲಿ ವಿದ್ಯುತ್ತನ್ನು ನೀಡತೊಡಗಿತು. ರಾಜ್ಯಕ್ಕೆ ಆ ವಿದ್ಯುತ್ತು ಬೇಕಾಗಿತ್ತು; ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಬೂದಿ ಗದ್ದೆಗೆ ಬಿತ್ತೆಂದೂ, ಬಾವಿಯ ನೀರು ಉಪ್ಪಾಯಿತೆಂದೂ, ಶಂಕರಪುರದ ಮಲ್ಲಿಗೆ ಸೊರಗಿತೆಂದೂ ಸುತ್ತಲಿನವರು ವರ್ಷಗಟ್ಟಲೆ ದೂರಿದರು. ಕೊನೆಗೆ 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಸುಮಾರು 52 ಕೋಟಿ ರೂಪಾಯಿ ಪರಿಸರ ಪರಿಹಾರವನ್ನು ವಿಧಿಸಿತು. ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಗಳಿಗೆ ಹನ್ನೆರಡು ವರ್ಷ ತಡವಾಗಿ ಬೆಲೆ ಕಟ್ಟಿದಂತಾಯಿತು. ಸೊರಗಿದ ಗಿಡದ ಮುಂದೆ ನಿಂತವನಿಗೆ ಈ ಮೊತ್ತ ದೊಡ್ಡದಾಗಿ ಕಂಡೀತೇ?

ಗಾಳಿಯ ವಿದ್ಯುತ್ತಿಗೆ ಬೂದಿಯಿಲ್ಲ, ಹೊಗೆಯಿಲ್ಲ. ಆದರೂ ಅದು ಕಡಲಿನಿಂದ ಊರಿಗೆ ತಂತಿಯ ಮೇಲೆಯೇ ಬರಬೇಕು. ಉಡುಪಿಯಿಂದ ಕಾಸರಗೋಡಿಗೆ ಹೋಗುವ 400 ಕಿಲೋವೋಲ್ಟ್ ತಂತಿಮಾರ್ಗವನ್ನು 2024ರಲ್ಲಿ ಕಾರ್ಕಳ ತಾಲ್ಲೂಕಿನ ಇನ್ನಾ ಗ್ರಾಮದ ಕೃಷಿಕರು ವಿರೋಧಿಸಿದರು. ಅಡಕೆ, ತೆಂಗುಗಳು ಎತ್ತರಕ್ಕೆ ಬೆಳೆಯುವ ಮರಗಳು; ತಂತಿಯ ಕೆಳಗೆ ಅವುಗಳಿಗೆ ಎಡೆಯಿಲ್ಲ. ಕಡಲಿನಲ್ಲಿ ನಿಂತ ಯಂತ್ರಕ್ಕೂ ಕಾರ್ಕಳದ ತೋಟಕ್ಕೂ ಇರುವ ಈ ನಂಟು ಅರ್ಜಿಯ ಮೊದಲ ಪುಟದಲ್ಲಿ ಕಾಣಿಸುವುದಿಲ್ಲ. ವಿದ್ಯುತ್ತನ್ನು ತೀರದಲ್ಲಿಯೇ ಜಲಜನಕವಾಗಿ ಮಾರ್ಪಡಿಸಿ, ಹತ್ತಿರದ ಮಂಗಳೂರಿನ ತೈಲ ಶುದ್ಧೀಕರಣಾಗಾರಕ್ಕೆ ಒದಗಿಸಿದರೆ ತಂತಿಯ ಉದ್ದವನ್ನು ಎಷ್ಟೋ ತಗ್ಗಿಸಬಹುದು. ಆಗ ತಂತಿಗೆ ಬದಲಾಗಿ ಕೊಳವೆಯ ದಾರಿಯನ್ನು ಗುರುತಿಸಬೇಕಾಗುತ್ತದೆ; ಆ ದಾರಿಯಲ್ಲಿಯೂ ಮನೆ, ಗದ್ದೆ, ಬಾವಿಗಳಿವೆ.